ಅಪ್ಪನ ಹೆಜ್ಜೆ | ಭಾಗ 6 | ಹೊಸಿಲ ಮುಂದಿನ ಹಳದಿ ಗೆರೆ

ಫೋಟೋದಲ್ಲಿ ಕಾಣ್ತಿರೋದು ನಮ್ಮ ಅಡುಗೆಮನೆ ಹೊಸಿಲು. ಅದರ ಮುಂದೆ ನೆಲಕ್ಕೆ ಅಂಟಿಸಿರೋ ಹಳದಿ ಟೇಪು ನೋಡಿ "ಇದೇನು ಹೊಸ ಥರ ರಂಗೋಲಿ?" ಅಂತ ಕೇಳಿದ್ರಲ್ಲ, ಇವತ್ತು ಅದರ ಕಥೆ.

ಅಪ್ಪ ಶಿವಮೊಗ್ಗದಲ್ಲಿ ಪಿಟಿ ಮೇಷ್ಟ್ರಾಗಿದ್ದವರು. ಆಗಸ್ಟ್ 15ಕ್ಕೆ ಇಡೀ ಶಾಲೆಯ ಕಾಲುಗಳು ಅವರ ಒಂದು ಸೀಟಿಗೆ ಒಟ್ಟಿಗೆ ಏಳ್ತಿದ್ವು. ಪಾರ್ಕಿನ್ಸನ್ಸ್ ಬಂದ ಮೇಲೆ ಅದೇ ಅಪ್ಪ ಈ ಹೊಸಿಲ ಮುಂದೆ ನಿಂತುಬಿಡೋರು. ಕಾಲು ನೆಲಕ್ಕೆ ಅಂಟಿದ ಹಾಗೆ.

ಒಂದು ಬೆಳಿಗ್ಗೆ ನನಗೆ ಆಫೀಸಿಗೆ ಲೇಟಾಗಿತ್ತು. "ಬೇಗ ಬನ್ನಿ ಅಪ್ಪಾ" ಅಂತ ಕೈ ಹಿಡಿದು ಎಳೆದೆ. ಮೈ ಮುಂದೆ ಬಂತು, ಕಾಲು ಬರಲಿಲ್ಲ. ಬಿದ್ದರು. ಹಣೆಗೆ ನಾಲ್ಕು ಹೊಲಿಗೆ. ಡಾಕ್ಟರ್ ಕೇಳಿದಾಗ "ಜಾರಿಬಿದ್ದೆ" ಅಂದರು ಅಪ್ಪ. ನಾನೂ ಸುಮ್ಮನಿದ್ದೆ. ಇದನ್ನ ಇವತ್ತೇ ಮೊದಲ ಸಲ ಹೇಳ್ತಿರೋದು.

ಆಮೇಲೆ ಫಿಸಿಯೋಥೆರಪಿಸ್ಟ್ ವಿವರಿಸಿದರು. ನಡಿಗೆ ಅನ್ನೋದು ನಾವು ಯೋಚನೆ ಮಾಡದೆ ಮಾಡೋ ಕೆಲಸ. ಮೆದುಳಿನ ಆಳದಲ್ಲಿ ಡೋಪಮೈನ್ ತಯಾರಿಸೋ ಜೀವಕೋಶಗಳು ಕಮ್ಮಿ ಆಗ್ತಾ ಹೋದ ಹಾಗೆ, ಈ ತಾನಾಗಿ ನಡೆಯೋ ವ್ಯವಸ್ಥೆ ಕೆಡುತ್ತೆ. ಆದರೆ ಹೊರಗಿಂದ ಒಂದು ತಾಳ ಕೇಳಿಸಿದ್ರೆ, ದಾಟೋಕೆ ಕಣ್ಣೆದುರು ಒಂದು ಗೆರೆ ಕಂಡ್ರೆ, ಮೆದುಳು ಬೇರೆ ದಾರಿ ಹಿಡಿದು ಹೆಜ್ಜೆ ಎತ್ತಿಸುತ್ತೆ. "ಎಳೀಬೇಡಿ, ಅವಸರ ಮಾಡಬೇಡಿ, ತಾಳ ಕೊಡಿ" ಅಂದರು. ಟೇಪು ಬಂದಿದ್ದು ಹಾಗೆ.

ನೃತ್ಯದ ವಿಷಯ ಹೇಳಿದ್ದೂ ಅವರೇ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಮಾರ್ಕ್ ಮಾರಿಸ್ ಡಾನ್ಸ್ ಗ್ರೂಪ್ 2001ರಲ್ಲಿ 'ಡಾನ್ಸ್ ಫಾರ್ ಪಿಡಿ' ಅಂತ ತರಗತಿ ಶುರು ಮಾಡ್ತು. ಈಗ ಅದು ಎಷ್ಟೋ ದೇಶಗಳಿಗೆ ಹರಡಿದೆ. ಮೊದಲು ಕುರ್ಚಿಯಲ್ಲಿ ಕೂತೇ ಕುಣಿತ, ಆಮೇಲೆ ಆಸರೆ ಹಿಡಿದು ನಿಲ್ಲೋದು. ಅಲ್ಲಿ ಯಾರೂ ರೋಗಿಗಳಲ್ಲ, ಎಲ್ಲರೂ ನರ್ತಕರೇ. ನನಗೆ ತುಂಬಾ ಇಷ್ಟ ಆಗಿದ್ದು ಅದು.

ಆನ್‌ಲೈನ್ ವಿಡಿಯೋ ಹಾಕಿದೆ. "ಈ ವಯಸ್ಸಲ್ಲಿ ನನ್ನನ್ನ ಕುಣಿಸ್ತೀಯಾ?" ಅಂತ ಮುಖ ತಿರುಗಿಸಿದ್ರು. ಅಮ್ಮ ಪಕ್ಕದ ಕುರ್ಚಿ ಎಳ್ಕೊಂಡು ಕೂತು, "ನೀವು ಬಿಡ್ರೀ, ನಾನು ಕುಣೀತೀನಿ" ಅಂತ ಕೈ ಬೀಸಿದಳು. ಮೂರನೇ ದಿನ ಅಪ್ಪನ ಬೆರಳು ಕುರ್ಚಿ ಕೈ ಮೇಲೆ ತಾಳ ಹಾಕ್ತಿತ್ತು.

ಈಗ ಮಾತ್ರೆ ಹಿಡಿಯೋ ಹೊತ್ತು ನೋಡ್ಕೊಂಡು, ದಿನಾ ಇಪ್ಪತ್ತು ನಿಮಿಷ. ರಾಜ್‌ಕುಮಾರ್ ಹಾಡು ಹಾಕ್ತೀವಿ. "ಗದ್ದೆಗೆ ಬೀಜ ಎರಚಿ" ಅಂದ್ರೆ ತೋಳು ಪೂರ್ತಿ ಚಾಚುತ್ತೆ. "ಕೈ ಚಾಚಿ" ಅಂದ್ರೆ ಅರ್ಧಕ್ಕೇ ನಿಲ್ಲುತ್ತೆ. ಈ ಕಾಯಿಲೆ ಎಲ್ಲವನ್ನೂ ಸಣ್ಣ ಮಾಡುತ್ತೆ: ಹೆಜ್ಜೆ, ದನಿ, ಅಕ್ಷರ. ಆ ಇಪ್ಪತ್ತು ನಿಮಿಷ ಅಪ್ಪ ಮತ್ತೆ ದೊಡ್ಡದಾಗ್ತಾರೆ.

ಕಾಯಿಲೆ ವಾಸಿಯಾಗಲ್ಲ, ಗೊತ್ತು. ಕೆಲವು ದಿನ ತಾಳಕ್ಕೂ ಕಾಲು ಕೇಳಲ್ಲ. ಆಗ ಕೂತು ಕಾಫಿ ಕುಡೀತೀವಿ.

ಮೊನ್ನೆ ಮತ್ತೆ ಹೊಸಿಲ ಮುಂದೆ ನಿಂತರು. ನನ್ನ ಕೈ ಅಭ್ಯಾಸಬಲದಿಂದ ಮುಂದೆ ಹೋಯ್ತು. ವಾಪಸ್ ತಗೊಂಡೆ. ಪಕ್ಕದಲ್ಲಿ ನಿಂತು ಚಪ್ಪಾಳೆ ತಟ್ಟಿದೆ, "ಲೆಫ್ಟ್... ರೈಟ್..." ಅಪ್ಪ ಗೆರೆ ದಾಟಿದರು. ಒಳಗೆ ಹೋಗಿ ಹಿಂದೆ ತಿರುಗಿ, "ನಿನ್ನ ತಾಳ ಸ್ವಲ್ಪ ಓಡುತ್ತೆ, ನಿಧಾನ" ಅಂದರು.

ಪಿಟಿ ಮೇಷ್ಟ್ರು ಎಲ್ಲಿ ಹೋಗ್ತಾರೆ!

ನಿಮ್ಮ ಮನೆಯಲ್ಲೂ ಹೀಗೆ ಯಾರಾದ್ರೂ ಇದ್ರೆ, ಡಾಕ್ಟರನ್ನ ಕೇಳಿ ಶುರು ಮಾಡಿ. ಗಟ್ಟಿ ಕುರ್ಚಿ ಇರಲಿ, ಪಕ್ಕದಲ್ಲಿ ಒಬ್ರು ಇರಲಿ. ಅವರಿಷ್ಟದ ಹಾಡು ಯಾವುದು? ಕಮೆಂಟಲ್ಲಿ ಬರೀರಿ, ನಮ್ಮ ಪಟ್ಟಿಗೆ ಸೇರಿಸ್ಕೋತೀವಿ.

#ಅಪ್ಪನಹೆಜ್ಜೆ #ಪಾರ್ಕಿನ್ಸನ್ಸ್ #ಕನ್ನಡಬರಹ