ವಲಸೆ ಬಂದವರ ಗೋಡೆಯ ಕ್ಯಾಲೆಂಡರುಗಳು

ಪುತ್ತೂರು, ಸುಳ್ಯ, ಕಡಬಗಳ ಸೀಮೆ ನಮ್ಮ ಸಮಾಜಕ್ಕೆ ಅಪರಿಚಿತವಾದುದಲ್ಲ. ಅಮರಸುಳ್ಯ, ಪುತ್ತೂರು ಮಾಗಣೆಗಳು 1834ರವರೆಗೆ ಲಿಂಗಾಯತರಾದ ಹಾಲೇರಿ ಅರಸರ ಕೊಡಗಿಗೆ ಸೇರಿದ್ದವು. ಸುಬ್ರಹ್ಮಣ್ಯದ ಚಂಪಾಷಷ್ಠಿಗೂ ಪುತ್ತೂರು ಮಹಾಲಿಂಗೇಶ್ವರನ ಜಾತ್ರೆಗೂ ಬರುವ ಭಕ್ತರು ದೇವಾಲಯಗಳನ್ನು ನೋಡಿ ಮರಳುತ್ತಾರೆ. ಮನೆಗಳ ಗೋಡೆಯ ಕ್ಯಾಲೆಂಡರುಗಳನ್ನು ಗಮನಿಸುವವರು ವಿರಳ.

ಇಲ್ಲಿಯ ತುಳುವರದು ಸೌರಮಾನ. ಪಗ್ಗು ಮೊದಲ ತಿಂಗಳು, ಬಿಸು ಹೊಸ ವರ್ಷ. ಚಾಂದ್ರಮಾನದ ಯುಗಾದಿಯನ್ನು ಆಚರಿಸುವ ನಮ್ಮವರಿಗೆ ಇದೇ ಹೊಸದು. ಅದರ ಮೇಲೆ ಮತ್ತೆರಡು ಕಾಲಗಣನೆಗಳು ಹೊರಗಿನಿಂದ ಬಂದು ಸೇರಿವೆ.

ಮೊದಲನೆಯದು ಕೇರಳದಿಂದ ಬಂದ ಸಿರಿಯನ್ ಕ್ರೈಸ್ತ ರಬ್ಬರ್ ಕೃಷಿಕರದು. ಅವರ ಮಲಯಾಳಂ ಕ್ಯಾಲೆಂಡರಿನಲ್ಲಿ ಚಿಂಗಂ ತಿಂಗಳಿಗೆ ಆರಂಭವಾಗುವ ಕೊಲ್ಲವರ್ಷವೂ, ಜುಲೈ 3ರ ಸಂತ ತೋಮನ ಹಬ್ಬವೂ, ಈಸ್ಟರಿಗೆ ಮುಂಚಿನ ಐವತ್ತು ದಿನಗಳ ನೋಂಬೂ ಒಂದೇ ಹಾಳೆಯಲ್ಲಿ ಕೂಡಿರುತ್ತವೆ. 2010ರಲ್ಲಿ ಪುತ್ತೂರೇ ಸಿರೋ-ಮಲಂಕರ ಧರ್ಮಪ್ರಾಂತ್ಯದ ಕೇಂದ್ರವಾಯಿತು.

ಎರಡನೆಯದರ ಹಿಂದೆ ಕಣ್ಣೀರಿದೆ. 1964ರ ಸಿರಿಮಾವೋ-ಶಾಸ್ತ್ರಿ ಒಪ್ಪಂದದಂತೆ ಸಿಂಹಳದ ಚಹಾ ತೋಟಗಳ 5,25,000 ತಮಿಳರನ್ನು ಭಾರತವು ತನ್ನ ಪ್ರಜೆಗಳೆಂದು ಸ್ವೀಕರಿಸಲೊಪ್ಪಿತು. ಅವರಲ್ಲಿ ಹಲವು ಕುಟುಂಬಗಳು ಇಲ್ಲಿಯ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಿಗೆ ಬಂದವು. ಹುಟ್ಟಿದ ನೆಲವು ಅವರನ್ನು ತನ್ನವರೆನ್ನಲಿಲ್ಲ. ಬಂದ ನೆಲದ ನುಡಿಯನ್ನು ಅವರರಿಯರು. ಅಂಥವರಿಗೆ ದಿನಕ್ಕೊಂದು ಹಾಳೆ ಹರಿಯುವ ತಮಿಳು ಕ್ಯಾಲೆಂಡರೇ ಊರಾಯಿತು. ತೈ ಒಂದಕ್ಕೆ ಪೊಂಗಲ್, ಆಡಿಯಲ್ಲಿ ಮಾರಿಯಮ್ಮನ ಸೇವೆ. ನಾವು ಕಂಡ ಒಂದು ಮನೆಯಲ್ಲಿ ಕನ್ನಡ ಶಾಲೆಯ ಬಾಲಕಿಗೆ ಆ ಲಿಪಿ ಓದಲು ಬಾರದು. ಅಜ್ಜಿ ಓದಿ ಹೇಳುತ್ತಾಳೆ, ಮೊಮ್ಮಗಳು ಕೇಳುತ್ತಾಳೆ. ಅಜ್ಜಿಯ ನಂತರ ಯಾರು ಓದಿಯಾರು?

ಅದೇ ಹಾಳೆಯಲ್ಲಿ ರಾಹುಕಾಲ, ಯಮಗಂಡಗಳೂ ಅಚ್ಚಾಗಿವೆ. ನಾವು ಶರಣರ ಸಂತಾನ. ಲಿಂಗವಂತನಿಗೆ ಕೆಟ್ಟ ಗಳಿಗೆಯಿಲ್ಲವೆಂಬುದು ನಮ್ಮ ನಂಬುಗೆ. ಹಾಗೆಂದು ಆ ಅಜ್ಜಿಯ ಕ್ಯಾಲೆಂಡರನ್ನು ಮೂಢನಂಬಿಕೆಯೆಂದು ತಳ್ಳಿಹಾಕಲಾಗದು. ಗಳಿಗೆಗೆ ಹೆದರುವುದು ಬೇರೆ, ಹಬ್ಬವನ್ನು ನೆನೆಯುವುದು ಬೇರೆ. ಭಯವು ಕಾಲಕ್ಕೆ ನಮ್ಮನ್ನು ಅಡಿಯಾಳಾಗಿಸುತ್ತದೆ. ನೆನಪು ನಮ್ಮನ್ನು ಹಿರಿಯರೊಡನೆ ಬೆಸೆಯುತ್ತದೆ.

ಉದ್ಯೋಗ ನಿಮಿತ್ತ ಕರಾವಳಿಗೂ ಹೊರನಾಡುಗಳಿಗೂ ಹೋಗಿರುವ ನಮ್ಮ ಕುಟುಂಬಗಳು ಇದನ್ನು ಯೋಚಿಸಬೇಕು. ವೈಶಾಖ ಶುದ್ಧ ತದಿಗೆಯ ಬಸವ ಜಯಂತಿ ಮಕ್ಕಳಿಗೆ ಕೇವಲ ರಜೆಯ ಕೆಂಪು ಅಂಕಿಯಾಗಿ ಉಳಿಯಬಾರದು. ಆ ದಿನದ ಅರ್ಥವನ್ನು ಹಿರಿಯರು ಕೂರಿಸಿಕೊಂಡು ಹೇಳಲಿ. ಗೋಡೆಯ ಹಾಳೆ ವರ್ಷಕ್ಕೊಮ್ಮೆ ಬದಲಾಗುತ್ತದೆ. ಹೇಳಿದ ಮಾತು ಮಕ್ಕಳಲ್ಲಿ ಉಳಿಯುತ್ತದೆ.