ಹಕ್ಕಿಹೊತ್ತು

ಹಕ್ಕಿಯ ಮುಂದೆ ಸುಮ್ಮನೆ ಕೂರುವುದಕ್ಕೂ ಒಂದು ಪಠ್ಯಕ್ರಮ ಇದೆಯೆಂಬುದೇ ಎಷ್ಟು ಸೊಗಸು! ಸಂಬಳದ ಕೆಲಸ ಮುಗಿದ ಮೇಲೆ ಉಳಿಯುವ ಚೂರುಪಾರು ಸಮಯದಲ್ಲಿ, ಕಾಣದ ಊರಿನ ಕಾಣದ ಮೇಷ್ಟರಿಂದ ಸಾಕುಹಕ್ಕಿಗಳ ನಡವಳಿಕೆಯನ್ನು ಕಲಿಯುವ ದೂರಶಿಕ್ಷಣ ಇದು. ಮೇಷ್ಟರು ದೂರ, ಹಕ್ಕಿ ಹತ್ತಿರ. ಹಾಗಾಗಿ ಹೆಚ್ಚಿನ ಪಾಠವನ್ನು ಹಕ್ಕಿಯೇ ಮಾಡುತ್ತದೆ.

ನಮ್ಮ ಪಡಸಾಲೆಯಲ್ಲಿರುವ ಗುರುಗಳು ಬಜರಿಗರ್ ಜೋಡಿ. ಅಂಗಡಿಗಳಲ್ಲಿ ಲವ್ ಬರ್ಡ್ಸ್ ಎಂದು ಮಾರುತ್ತಾರಲ್ಲ, ಅವೇ. ಕೊಕ್ಕಿನ ಬುಡದಲ್ಲಿ ನೀಲಿ ಇದ್ದದ್ದು ಗಂಡು, ಕಂದು ಇದ್ದದ್ದು ಹೆಣ್ಣು. ಆಸ್ಟ್ರೇಲಿಯದ ಒಣನಾಡಿನಲ್ಲಿ ಮಳೆ ಬಿದ್ದ ಕಡೆಗೆ ಹಿಂಡುಹಿಂಡಾಗಿ ಅಲೆಯುವ ಕುಲ. 1840ರಲ್ಲಿ ಜಾನ್ ಗೂಲ್ಡ್ ಎಂಬ ಪಕ್ಷಿತಜ್ಞ ಜೀವಂತ ಹಕ್ಕಿಗಳನ್ನು ಇಂಗ್ಲೆಂಡಿಗೆ ಒಯ್ದ. ಆಮೇಲೆ ಪಂಜರದಿಂದ ಪಂಜರಕ್ಕೆ ಹಬ್ಬುತ್ತ ಮೈಸೂರಿಗೂ ಬಂದವು. ಇವುಗಳ ಮುತ್ತಾತನ ಮುತ್ತಾತನೂ ಆ ಬಯಲನ್ನು ಕಂಡಿರಲಾರ. ಆದರೂ ಹೊರಗೆ ತಗಡಿನ ಮೇಲೆ ನಾಲ್ಕು ಹನಿ ಬಿದ್ದರೆ ಸಾಕು, ಒಳಗೆ ಕಿಚಪಿಚ ಏರುತ್ತದೆ. ಅದನ್ನು ಕೇಳುತ್ತ ಕೂತರೆ ನನ್ನ ಕಾಫಿ ತಣ್ಣಗಾಗುತ್ತದೆ, ಆಗಲಿ.

ಮೊದಲ ಪಾಠವೇ ಕಠಿಣ. ಹಕ್ಕಿಗೆ ಸಿಟ್ಟು ಬಂದಿದೆ, ಬೇಸರವಾಗಿದೆ ಎಂದು ಬರೆಯಕೂಡದು. ಕಂಡದ್ದನ್ನಷ್ಟೇ ಬರೆಯಬೇಕು: ಕತ್ತಿನ ಗರಿ ನಿಮಿರಿದೆ, ಕೊಕ್ಕು ಅರೆ ತೆರೆದಿದೆ, ಕಣ್ಣಪಾಪೆ ಕಿರಿದಾಗಿ ಹಿಗ್ಗಿತು, ಕೊಂಬೆಯ ಮೇಲೆ ಒಂದು ಹೆಜ್ಜೆ ಎಡಕ್ಕೆ. ಇಂಥ ವಿವರಗಳ ಪಟ್ಟಿ ಬೆಳೆದು ಬೆಳೆದು ನಡವಳಿಕೆಯ ನಿಘಂಟಾಗುತ್ತದೆ. ಕನ್ನಡದವರಿಗೆ ಇದು ಸುಲಭವಲ್ಲ. ನಮ್ಮ ಗಿಣಿಗಳು ಮಾತು, ಶಾಸ್ತ್ರ, ಪೂರ್ವಜನ್ಮಸ್ಮರಣೆಗಳ ಸಮೇತವೇ ನಮ್ಮಲ್ಲಿಗೆ ಬಂದಿವೆ. ಬಾಣ ಸಂಸ್ಕೃತದಲ್ಲಿ ಬರೆದ, ನಾಗವರ್ಮ ಕನ್ನಡಕ್ಕೆ ತಂದ ಕಾದಂಬರಿಯಲ್ಲಿ ಕಥೆ ಹೇಳುವುದೇ ವೈಶಂಪಾಯನನೆಂಬ ಗಿಣಿ. ಶೂದ್ರಕ ರಾಜನ ಆಸ್ಥಾನದಲ್ಲಿ ಅದು ಬಲಗಾಲೆತ್ತಿ ಪದ್ಯ ಹೇಳುತ್ತದೆಂದು ಬಾಣ ಬರೆಯುತ್ತಾನೆ. ಈ ಕೋರ್ಸು ಸೇರಿದಂದಿನಿಂದ ಪದ್ಯವನ್ನು ಬಿಟ್ಟು ಆ ಕಾಲಿನ ಮೇಲೇ ನನ್ನ ಮನಸ್ಸು. ಗಿಣಿಗಳಿಗೆ ಎರಡು ಬೆರಳು ಮುಂದಕ್ಕೆ, ಎರಡು ಹಿಂದಕ್ಕೆ. ಕಾಲೇ ಕೈಯೂ ಆಗುತ್ತದೆ. ನಮ್ಮಲ್ಲಿ ಬಹುಪಾಲು ಜನ ಬಲಗೈಯವರಾದರೆ, ಅನೇಕ ಜಾತಿಯ ಗಿಣಿಗಳಲ್ಲಿ ಎಡಗಾಲಿನಿಂದ ಹಿಡಿಯುವವೇ ಹೆಚ್ಚು. ಅರಸನೆದುರು ಬಲಗಾಲನ್ನೇ ಎತ್ತಿದ ವೈಶಂಪಾಯನ ಎಷ್ಟು ಮರ್ಯಾದೆ ಬಲ್ಲವನು! ಇದನ್ನು ಉತ್ತರಪತ್ರಿಕೆಯಲ್ಲಿ ಬರೆಯಲಿಲ್ಲ. ಇಲ್ಲಿ ಬರೆಯಲು ಸಿಕ್ಕಿದ್ದಕ್ಕೆ ಸಂತೋಷ.

ಎಲ್ಲಿದ್ದೆ? ನೋಡುವ ಬಗೆ. ಬಬೂನುಗಳನ್ನು ಅಧ್ಯಯನ ಮಾಡಿದ ಜೀನ್ ಆಲ್ಟ್‌ಮನ್, ಪ್ರಾಣಿಗಳನ್ನು ಗಮನಿಸುವ ವಿಧಾನಗಳ ಮೇಲೆ 1974ರಲ್ಲಿ ಬರೆದ ಲೇಖನ ಈ ವಿದ್ಯೆಗೆ ಬುನಾದಿ. ಒಂದು ವಿಧಾನದಲ್ಲಿ ಒಂದೇ ಜೀವಿಯ ಮೇಲೆ ಕಣ್ಣಿಟ್ಟು, ಗೊತ್ತುಮಾಡಿದ ಸಮಯ ಮುಗಿಯುವ ತನಕ ಅದು ಏನು ಮಾಡಿದರೂ ಬರೆದುಕೊಳ್ಳಬೇಕು. ಏನೂ ಮಾಡದಿದ್ದರೆ, ಏನೂ ಮಾಡಲಿಲ್ಲವೆಂದೂ ಬರೆಯಬೇಕು. ಈ ಸಮಯಕ್ಕೆ ನಾನು ಹಕ್ಕಿಹೊತ್ತು ಎಂದು ಹೆಸರಿಟ್ಟಿದ್ದೇನೆ. ಕಣ್ಣು ಸೆಳೆಯುವ ಜಗಳಕ್ಕೂ, ಸುಮ್ಮನೆ ಒಂಟಿಕಾಲಲ್ಲಿ ನಿಂತ ನಿಲುವಿಗೂ ಅಲ್ಲಿ ಒಂದೇ ಬೆಲೆ. ಎಂಥ ಧಾರಾಳದ ನಿಯಮ!

ಸಂಜೆಯ ಹಕ್ಕಿಹೊತ್ತು ನನಗೆ ಎಲ್ಲಕ್ಕಿಂತ ಇಷ್ಟ. ನಿದ್ದೆಗೆ ಮುಂಚೆ ಹಕ್ಕಿ ಕೆಳಕೊಕ್ಕನ್ನು ಮೇಲ್ಕೊಕ್ಕಿಗೆ ಉಜ್ಜಿ ಕೊರಕೊರ ಸದ್ದು ಮಾಡುತ್ತದೆ. ಪಕ್ಕದ ಮನೆಯಲ್ಲಿ ಯಾರೋ ಒರಳಿನಲ್ಲಿ ಸಣ್ಣಗೆ ಏನನ್ನೋ ಅರೆಯುತ್ತಿರುವಂತೆ ಕೇಳುತ್ತದೆ. ಒಂದು ನಡವಳಿಕೆ ಏಕೆ ಎಂದು ಕೇಳುವುದರಲ್ಲಿ ನಾಲ್ಕು ಬಗೆಯಿದೆ ಎಂದು ನಿಕೋ ಟಿನ್‌ಬರ್ಗೆನ್ 1963ರಲ್ಲಿ ವಿಂಗಡಿಸಿದರು: ಈ ಗಳಿಗೆ ಅದನ್ನು ಹೊರಡಿಸಿದ್ದೇನು, ಮರಿಯಿಂದ ಅದು ಹೇಗೆ ಬೆಳೆಯಿತು, ಬದುಕಿಗೆ ಅದರಿಂದೇನು ಸಿಗುತ್ತದೆ, ಕುಲದಲ್ಲಿ ಅದು ಹೇಗೆ ಮೂಡಿತು. ಹತ್ತು ವರ್ಷದ ಬಳಿಕ ಅವರಿಗೆ ನೊಬೆಲ್ ಬಂತು. ನಾಲ್ಕು ಪ್ರಶ್ನೆಯನ್ನೂ ಈ ಕೊರಕೊರಕ್ಕೆ ಹಾಕುತ್ತ ಕೂತರೆ ದೀಪ ಹಚ್ಚುವುದು ಮರೆತೇ ಹೋಗುತ್ತದೆ.

ಇನ್ನು ಕೂಗು. ಜೋಡಿಯಾದ ಮೇಲೆ ಗಂಡು ಬಜರಿಗರ್ ಹೆಣ್ಣಿನ ಕರೆಯನ್ನು ಕಲಿತು ತನ್ನದಾಗಿಸಿಕೊಳ್ಳುತ್ತದೆ. ನಾವು ಗಿಣಿಗೆ ಮಾತು ಕಲಿಸಿದೆವೆಂದು ಹಿಗ್ಗುತ್ತೇವೆ. ಅನುಕರಣೆ ಅದರ ಸಂಸಾರದ ಒಳಗುಟ್ಟು. ಐರೀನ್ ಪೆಪ್ಪರ್‌ಬರ್ಗ್ ಇದರ ಜಾಡು ಹಿಡಿದವರು. ಹಾರ್ವರ್ಡ್‌ನಲ್ಲಿ ರಸಾಯನಶಾಸ್ತ್ರದ ಡಾಕ್ಟರೇಟ್ ಪಡೆದು, 1977ರಲ್ಲಿ ಷಿಕಾಗೋದ ಅಂಗಡಿಯೊಂದರಿಂದ ಅಲೆಕ್ಸ್ ಎಂಬ ಆಫ್ರಿಕದ ಬೂದುಗಿಣಿಯನ್ನು ತಂದರು. ಅದರ ಎದುರಿಗೆ ಇಬ್ಬರು ಕೂತು, ಒಬ್ಬರು ವಸ್ತು ತೋರಿಸಿ ಕೇಳುವುದು, ಇನ್ನೊಬ್ಬರು ಸರಿಯಾಗಿ ಹೇಳಿ ಅದನ್ನೇ ಬಹುಮಾನವಾಗಿ ಪಡೆಯುವುದು. ನೋಡುತ್ತಿದ್ದ ಗಿಣಿ ತನಗೂ ಬೇಕೆನಿಸಿ ಆಟಕ್ಕೆ ಇಳಿಯುತ್ತಿತ್ತು. ಬಣ್ಣ, ಆಕಾರ, ಆರರ ತನಕ ಎಣಿಕೆ ಎಲ್ಲವನ್ನೂ ಅಲೆಕ್ಸ್ ಕಲಿಯಿತು. 2007ರ ಸೆಪ್ಟೆಂಬರಿನಲ್ಲಿ ತೀರಿಕೊಂಡಿತು.

ಅಮ್ಮ ಮೊದಮೊದಲು ಕೇಳುತ್ತಿದ್ದಳು, “ಎರಡು ಹಕ್ಕಿ ಕೊಕ್ಕಿಗೆ ಕೊಕ್ಕು ಕೊಟ್ಟಿದ್ದನ್ನ ಬರೆದು ಕಳಿಸಿದ್ರೆ ಮಾರ್ಕ್ಸ್ ಕೊಡ್ತಾರೇನೋ?” ಈಗ ನಾನು ಕೆಲಸದಿಂದ ಬರುವಷ್ಟರಲ್ಲಿ ವರದಿ ಸಿದ್ಧವಾಗಿರುತ್ತದೆ. “ಹೆಣ್ಣು ಮಧ್ಯಾಹ್ನದಿಂದ ಗರಿ ಉಬ್ಬಿಸ್ಕೊಂಡು ಕೂತಿದೆ, ಕಾಳು ಮುಟ್ಟಿಲ್ಲ, ನೋಡೋ.” ಸಿಟ್ಟಿಲ್ಲ, ಬೇಸರವಿಲ್ಲ, ಕಂಡದ್ದಷ್ಟೇ! ಹಕ್ಕಿಗಳು ಕಾಯಿಲೆಯನ್ನು ಮುಚ್ಚಿಡುತ್ತವೆ. ಇಂಥ ಉಬ್ಬಿದ ಗರಿ, ಬಿಟ್ಟ ಕಾಳು ಕಂಡ ದಿನವೇ ಪಶುವೈದ್ಯರ ಬಳಿ ಹೋಗಬೇಕು. ನಾವು ಹೋದೆವು, ಹಕ್ಕಿ ಚೇತರಿಸಿಕೊಂಡಿತು.

ಮನೆಯಲ್ಲಿ ಒಂಟಿ ಬಜರಿಗರ್ ಸಾಕಿರುವವರಲ್ಲಿ ಒಂದು ಕೋರಿಕೆ. ಹಿಂಡಿನ ಜೀವಿ ಅದು; ಕನ್ನಡಿ ಕಟ್ಟಿದರೆ ತನ್ನ ಬಿಂಬಕ್ಕೇ ಗುಟುಕು ಕೊಡಲು ಹೋಗುತ್ತದೆ. ಕನ್ನಡಿ ತೆಗೆದು ಅದಕ್ಕೊಂದು ಜೊತೆ ತನ್ನಿ. ನಮ್ಮ ನಾಡಿನ ಹಸಿರು ಗಿಣಿಯನ್ನು ಮಾತ್ರ ಯಾರು ಮಾರಿದರೂ ಕೊಳ್ಳಬೇಡಿ. 1972ರ ವನ್ಯಜೀವಿ ಕಾಯಿದೆಯ ಪ್ರಕಾರ ಅದನ್ನು ಪಂಜರದಲ್ಲಿಡುವುದು ಅಪರಾಧ. ಅದನ್ನು ನೋಡಬೇಕೆನಿಸಿದರೆ ಸಂಜೆ ಹೊರಗೆ ಬಂದು ದೊಡ್ಡ ಮರವೊಂದರ ಕೆಳಗೆ ನಿಲ್ಲಿ.