ಗೂಬೆ ಕೂರಿಸಿದ್ದು

ಚಳಿ ಎಂದರೆ ನನಗೆ ಗೊತ್ತಿದ್ದುದು ಮೈಸೂರಿನ ಧನುರ್ಮಾಸದ ಚಳಿ. ಅದಕ್ಕೆ ನಮ್ಮಲ್ಲಿ ಹಿರಿಯರ ಕಾಲದಿಂದ ಬಂದ ಮದ್ದುಗಳುಂಟು: ಕುತ್ತಿಗೆಗೆ ಮಫ್ಲರು, ತಲೆಗೆ ಕುಲಾವಿ, ಬೆಳಗಿನ ಜಾವ ದೇವಸ್ಥಾನದಲ್ಲಿ ದೊನ್ನೆಯ ತುಂಬ ಬಿಸಿ ಹುಗ್ಗಿ. ಈ ಮೂರಕ್ಕೂ ಬಗ್ಗದ ಚಳಿ ಭೂಮಿಯ ಮೇಲೆ ಇರಲಾರದೆಂದು ಅರವತ್ತೊಂಬತ್ತು ವರ್ಷ ನಂಬಿಕೊಂಡು ಬಂದೆ. ಎಪ್ಪತ್ತನೆಯ ವರ್ಷದಲ್ಲಿ, ಡಿಸೆಂಬರ್ ಮೊದಲ ವಾರ, ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನದ ಮ್ಯಾಡಿಸನ್ ಪಟ್ಟಣದಲ್ಲಿರುವ ಮಗಳ ಮನೆಗೆ ಹೋದಾಗ, ವಿಮಾನ ನಿಲ್ದಾಣದ ಬಾಗಿಲಿನಿಂದ ಕಾರಿನವರೆಗೆ ನಡೆಯುವಷ್ಟರಲ್ಲಿ ಆ ನಂಬಿಕೆ ಹೆಪ್ಪುಗಟ್ಟಿಹೋಯಿತು. ಮೂಗಿನೊಳಗಿನ ಕೂದಲು ಸೆಟೆದು ಚುಚ್ಚುವುದೆಂದರೆ ಏನೆಂಬುದನ್ನು ಅನುಭವಿಸದವರಿಗೆ ವರ್ಣಿಸಿ ಪ್ರಯೋಜನವಿಲ್ಲ.

ಹೋದದ್ದು ನನ್ನ ಇಷ್ಟದಿಂದೇನೂ ಅಲ್ಲ. ಆ ವರ್ಷ ಮಾಘದಲ್ಲಿ ನನ್ನ ಹೆಂಡತಿ ತೀರಿಕೊಂಡಳು. "ಒಬ್ಬರೇ ಇದ್ದುಕೊಂಡು ಏನು ಮಾಡ್ತೀರಪ್ಪ, ಆರು ತಿಂಗಳು ಬಂದು ಇರಿ" ಎಂದು ಮಗಳು ಹಟ ಹಿಡಿದಳು. ಬಂದದ್ದಾಯಿತು. ಮಗಳೂ ಅಳಿಯಂದಿರೂ ಬೆಳಗ್ಗೆ ಕೆಲಸಕ್ಕೆ ಹೋದರೆ ಬರುವುದು ಕತ್ತಲಾದ ಮೇಲೆ. ಅಲ್ಲಿ ಆ ದಿನಗಳಲ್ಲಿ ಕತ್ತಲಾಗುವುದು ಐದು ಗಂಟೆಗೆಲ್ಲ. ಮನೆಯಲ್ಲಿ ನನಗೆ ಜೊತೆಯೆಂದರೆ ಏಳು ವರ್ಷದ ಮೊಮ್ಮಗಳು. ಮೇಲಿನ ಎರಡು ಹಲ್ಲು ಬಿದ್ದು ಬಾಯಿ ಬೊಚ್ಚಾಗಿದ್ದ ಮಗು.

ಆ ಮಗು ಆಡುವ ಮಾತು ನನಗೆ ತಿಳಿಯುತ್ತಿರಲಿಲ್ಲ. ಮೊದಲ ವಾರ ಓಡಿ ಓಡಿ ಬಂದು ಏನೇನೋ ಹೇಳುತ್ತಿತ್ತು. ನಾನು "ಆಂ? ಏನು ಪುಟ್ಟಿ?" ಎನ್ನುತ್ತಿದ್ದೆ. ಮತ್ತೆ ಹೇಳುತ್ತಿತ್ತು, ಮತ್ತೆ "ಆಂ?" ಅವಳ ತಾಯಿ ಅಡುಗೆಮನೆಯಿಂದಲೇ ಗದರುತ್ತಿದ್ದಳು: "ತಾತನಿಗೆ ಅರ್ಥವಾಗುವ ಹಾಗೆ ಬಾಯಿ ಬಿಟ್ಟು ಕನ್ನಡ ಮಾತಾಡು. ಗೊಣಗಬೇಡ." ನಾನು ಬಹಳ ಉದಾರವಾಗಿ, "ಹೋಗಲಿ ಬಿಡಮ್ಮ, ಹುಟ್ಟಿದ್ದು ಬೆಳೆದದ್ದು ಎಲ್ಲ ಇಲ್ಲೇ, ಎಷ್ಟು ಬಂದರೆ ಅಷ್ಟು" ಎನ್ನುತ್ತಿದ್ದೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿದವನ ಮಾತಿಗೆ ತೂಕವಿಲ್ಲದೆ ಹೋಗುತ್ತದೆಯೆ? ಮಗುವಿನ ಕನ್ನಡ ಕೆಟ್ಟಿದೆ ಎಂದು ಮನೆಯವರೆಲ್ಲ ಒಪ್ಪಿಬಿಟ್ಟರು. ಎರಡನೆಯ ವಾರದ ಹೊತ್ತಿಗೆ ಮಗು ನನ್ನೊಡನೆ ಮಾತಾಡುವುದನ್ನೇ ಕಡಿಮೆ ಮಾಡಿತು.

ಇಂಥ ಸಮಯದಲ್ಲಿ ಊರಂಚಿನ ಪ್ರಕೃತಿ ಕೇಂದ್ರದಿಂದ ಅಚ್ಚಾದ ಹಾಳೆಯೊಂದು ಬಂತು. ಅಮೆರಿಕದಲ್ಲಿ ಎಷ್ಟೋ ಊರುಗಳಲ್ಲಿ ಇಂಥ ಕೇಂದ್ರಗಳಿವೆ. ಒಂದಿಷ್ಟು ಕಾಡು, ಒಂದಿಷ್ಟು ಜೌಗು, ಹುಲ್ಲುಗಾವಲು, ನಡುವೆ ಮರದ ಕಟ್ಟಡ, ಅದರ ದೊಡ್ಡ ಗಾಜಿನ ಆಚೆ ಹಕ್ಕಿಗಳಿಗೆ ಕಾಳು ತೂಗುಹಾಕಿದ ಡಬ್ಬಿಗಳು. ಹಾಳೆಯ ತಲೆಬರಹ 'ಚಳಿಗಾಲದ ಕಾರ್ಯಕ್ರಮಗಳು'. ಚಳಿಗಾಲದಲ್ಲಿ ಮನುಷ್ಯರು ಮಾಡಬೇಕಾದ ಕಾರ್ಯಕ್ರಮವೆಂದರೆ ಬಾಗಿಲು ಹಾಕಿಕೊಂಡು ಕೂರುವುದು ಎಂಬುದು ನನ್ನ ಮತ. ಈ ಜನವೋ, ಹಿಮದಲ್ಲಿ ನಡೆಯುವುದು, ಪ್ರಾಣಿಗಳ ಹೆಜ್ಜೆ ಓದುವುದು, ಹಕ್ಕಿಗಳನ್ನು ಎಣಿಸುವುದು, ರಾತ್ರಿ ಕಾಡಿಗೆ ಹೋಗಿ ಗೂಬೆಯನ್ನು ಕರೆಯುವುದು ಎಂದು ಪಟ್ಟಿ ಮಾಡಿದ್ದರು. ಗೂಬೆ ಕಂಡರೆ ಸ್ನಾನ ಮಾಡಿ ಒಳಗೆ ಬರುತ್ತಿದ್ದ ಅಜ್ಜಿ ಸಾಕಿದ ನನ್ನಂಥವನಿಗೆ ಇದು ವಿಚಿತ್ರವಾಗಿ ಕಂಡಿತು. ಆದರೆ ಶಾಲೆಗೆ ರಜ. ಮಗುವನ್ನು ಕರೆದುಕೊಂಡು ಹೋಗುವವರು ಬೇಕು. ಅಳಿಯಂದಿರು ನಮ್ಮಿಬ್ಬರನ್ನೂ ಕಾರಿನಲ್ಲಿ ತಂದು ಬಿಟ್ಟುಹೋದರು.

ಮೊದಲ ದಿನ ಹಿಮದ ಮೇಲೆ ನಡೆಯುವ ಪಾದರಕ್ಷೆ ಕೊಟ್ಟರು. ಸಣ್ಣ ಮೊರವೊಂದನ್ನು ಪ್ರತಿ ಕಾಲಿಗೂ ಕಟ್ಟಿಕೊಂಡರೆ ಹೇಗೋ ಹಾಗೆ. ದೇಹದ ಭಾರ ಅಗಲಕ್ಕೆ ಹರಡುವುದರಿಂದ ಕಾಲು ಹಿಮದಲ್ಲಿ ಹೂತುಹೋಗುವುದಿಲ್ಲ. ಕಾಲು ಅಗಲಿಸಿ ನಡೆಯಬೇಕು, ಇಲ್ಲವಾದರೆ ಒಂದು ಮೊರದ ಮೇಲೆ ಇನ್ನೊಂದು ಮೊರ ಕೂತು ಸಾಷ್ಟಾಂಗ. ನಾನು ಎರಡು ಸಾಷ್ಟಾಂಗ ಹಾಕಿದೆ. ಅನಂತರ ಹೆಜ್ಜೆ ಓದುವ ಪಾಠ. ಮೊಲದ ಹೆಜ್ಜೆ ನೋಡಿ ಅದು ಹೋದ ದಿಕ್ಕಿಗೆ ನಡೆಯಿರಿ ಎಂದರು; ನಾನು ಗಂಭೀರವಾಗಿ ಅದು ಬಂದ ದಿಕ್ಕಿಗೆ ನಡೆದುಬಿಟ್ಟೆ. ಮೊಲ ನೆಗೆಯುವಾಗ ಹಿಂಗಾಲು ಮುಂಗಾಲನ್ನು ದಾಟಿ ಮುಂದೆ ಊರುತ್ತದಂತೆ. ಶಾಸನ ಓದುವುದು ಇದಕ್ಕಿಂತ ಸುಲಭ. ಒಂದು ಕಡೆ ಇಲಿಯ ಸಣ್ಣ ಹೆಜ್ಜೆಗಳ ಸಾಲು ಬಂದು, ಅಲ್ಲೇ ನಿಂತು, ಎರಡು ಬದಿಗೂ ಬೀಸಣಿಗೆ ಒತ್ತಿದಂತೆ ರೆಕ್ಕೆಯ ಗುರುತು ಮೂಡಿತ್ತು. ಯಾರೂ ವಿವರಿಸಲಿಲ್ಲ, ವಿವರಿಸಬೇಕಾಗಿಯೂ ಇರಲಿಲ್ಲ.

ಈ ಓದಿಗೆ ಆ ಊರಿನಲ್ಲಿ ಒಂದು ಪರಂಪರೆಯೇ ಇದೆ. ಅಲ್ಲಿಯ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಆಲ್ಡೊ ಲಿಯೊಪೋಲ್ಡ್ 1948ರಲ್ಲಿ, ನೆರೆಯವರ ಹುಲ್ಲಿಗೆ ಬಿದ್ದ ಬೆಂಕಿಯನ್ನು ಆರಿಸಲು ಹೋದಾಗ ತೀರಿಕೊಂಡರು. ಮರುವರ್ಷ ಅಚ್ಚಾದ ಅವರ 'ಎ ಸ್ಯಾಂಡ್ ಕೌಂಟಿ ಆಲ್ಮನ್ಯಾಕ್' ಆರಂಭವಾಗುವುದು ಜನವರಿಯ ಹಿಮದಲ್ಲಿ ಪ್ರಾಣಿಯೊಂದರ ಹೆಜ್ಜೆಯ ಜಾಡು ಹಿಡಿದು ಹೋಗುವುದರಿಂದ.

ಕೇಂದ್ರದಲ್ಲಿ ಸಂಬಳವಿಲ್ಲದೆ ದುಡಿಯುವ ಗಡ್ಡದ ಮುದುಕರೊಬ್ಬರಿದ್ದರು. ನನ್ನದೇ ವಯಸ್ಸು, ಒಂದೆರಡು ಹೆಚ್ಚೂ ಇರಬಹುದು. ಅವರು ಮಕ್ಕಳ ಕೈಗೆ ಸೂರ್ಯಕಾಂತಿ ಬೀಜ ಕೊಟ್ಟು ಅಲುಗದೆ ನಿಲ್ಲಿಸಿದರು. ಕಪ್ಪು ಟೋಪಿ ಹಾಕಿದಂತಿರುವ ಒಂದು ಪುಟ್ಟ ಹಕ್ಕಿ, ಚಿಕಡೀ, ಹಾರಿ ಬಂದು ಪುಟ್ಟಿಯ ಅಂಗೈ ಮೇಲೆ ಕೂತು ಬೀಜ ಎತ್ತಿಕೊಂಡು ಹೋಯಿತು. ಅದರ ತೂಕ ಸುಮಾರು 11 ಗ್ರಾಂ; ನಮ್ಮ ಲೆಕ್ಕದಲ್ಲಿ ಒಂದು ತೊಲ. ತೊಲ ತೂಕದ ಈ ಜೀವ ವಲಸೆ ಹೋಗದೆ, ಹಗಲೆಲ್ಲ ಬೀಜಗಳನ್ನು ತೊಗಟೆಯ ಸಂದಿಯಲ್ಲಿ ಬಚ್ಚಿಟ್ಟು, ರಾತ್ರಿ ಮೈಯ ಕಾವನ್ನು ಹತ್ತು ಡಿಗ್ರಿಯಷ್ಟು ಇಳಿಸಿಕೊಂಡು ಉಳಿತಾಯದಲ್ಲಿ ಬೆಳಗು ಮಾಡುತ್ತದೆ. ಇನ್ನೊಂದು ದಿನ ಮಕ್ಕಳು ಮೊಣಕಾಲುದ್ದ ಹಿಮ ತೋಡಿ ತಳದಲ್ಲಿ ಉಷ್ಣಮಾಪಕ ಇಟ್ಟರು. ಮೇಲೆ ಗಾಳಿ ಸೊನ್ನೆಗಿಂತ 14 ಡಿಗ್ರಿ ಕೆಳಗೆ; ತಳದಲ್ಲಿ ನೆಲ ಹೆಚ್ಚುಕಡಿಮೆ ಸೊನ್ನೆಯಲ್ಲೇ ಇತ್ತು. ಹಿಮವೇ ಕಂಬಳಿ. ಇಲಿಗಳು ಅದರಡಿಯಲ್ಲಿ ಓಣಿ ಮಾಡಿಕೊಂಡು ಸಂಸಾರ ನಡೆಸುತ್ತವೆ. ನನಗೆ ನಾಚಿಕೆಯಾದದ್ದು ಬೇರೆ ವಿಷಯಕ್ಕೆ. ಹಿಮಾಲಯದ ಆಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಚಳಿಗಾಲ ಕಳೆಯಲು ಮೈಸೂರಿಗೆ ಒಂದು ಗಂಟೆಯ ದಾರಿಯ ಹದಿನಾರು ಕೆರೆಗೆ ಬರುತ್ತವೆ. ಒಂದು ಸಲವೂ ಹೋಗಿ ನೋಡಿದವನಲ್ಲ.

ಕ್ರಿಸ್‌ಮಸ್ ಆಸುಪಾಸಿನಲ್ಲಿ ಹಕ್ಕಿಗಳ ಎಣಿಕೆ. ಹಿಂದೆ ಅಮೆರಿಕದಲ್ಲಿ ಆ ಹಬ್ಬದಂದು ಎರಡು ಪಕ್ಷ ಕಟ್ಟಿಕೊಂಡು, ಯಾರ ರಾಶಿ ದೊಡ್ಡದೋ ಅವರು ಗೆದ್ದರೆಂದು, ಕಂಡ ಹಕ್ಕಿ ಪ್ರಾಣಿಗಳನ್ನೆಲ್ಲ ಹೊಡೆಯುವ ಪದ್ಧತಿಯಿತ್ತು. ಕೊಲ್ಲುವ ಬದಲು ಎಣಿಸೋಣ ಎಂದು ಫ್ರಾಂಕ್ ಚಾಪ್‌ಮನ್ ಎಂಬವರು 1900ರಲ್ಲಿ ಸೂಚಿಸಿದರು. ಆ ವರ್ಷ 27 ಮಂದಿ 25 ಸ್ಥಳಗಳಲ್ಲಿ ಎಣಿಸಿದರು. ಈಗ ಪ್ರತಿವರ್ಷ ಡಿಸೆಂಬರ್ 14ರಿಂದ ಜನವರಿ 5ರ ಒಳಗೆ, 15 ಮೈಲಿ ಅಡ್ಡಳತೆಯ ವೃತ್ತ ಹಾಕಿಕೊಂಡು, ಸಾವಿರಾರು ಜನ ಒಂದೊಂದು ದಿನ ಎಣಿಸುತ್ತಾರೆ. ಕಂಡದ್ದೂ ಲೆಕ್ಕ, ಬರಿಯ ಕೂಗು ಕೇಳಿದ್ದೂ ಲೆಕ್ಕ.

ಈ ಕೂಗೇ ನನಗೆ ಮುಳುವಾದದ್ದು. ಸೂಚಿಪರ್ಣಿ ಮರಗಳ ಕೆಳಗೆ ನಮ್ಮ ಗುಂಪು ನಿಂತಿತು. ಮಕ್ಕಳೆಲ್ಲ ಮುಖ ಮೇಲೆತ್ತಿ ಬೆರಳು ತೋರಿಸಿದರು. ಕಿಂಗ್ಲೆಟ್ ಎಂಬ, ಚಿಕಡೀಗಿಂತಲೂ ಚಿಕ್ಕದಾದ, ಆರು ಗ್ರಾಂ ಹಕ್ಕಿ ಮರದ ತುದಿಯಲ್ಲಿ ಕೂಗುತ್ತಿದೆಯಂತೆ. ಪುಟ್ಟಿ ನನ್ನ ಕೋಟು ಜಗ್ಗಿ ಏನೋ ಕೇಳಿತು, 'ಕೇಳಿಸ್ತಾ' ಎಂದಿರಬೇಕು. ನನಗೆ ಗಾಳಿಯ ಸದ್ದಲ್ಲದೆ ಬೇರೇನೂ ಇಲ್ಲ. ರಾಗ ಗೊತ್ತಾಗದವನು ಕಚೇರಿಯಲ್ಲಿ ಮಾಡುವುದನ್ನೇ ಮಾಡಿದೆ: ಕಣ್ಣು ಅರೆಮುಚ್ಚಿ ತಲೆದೂಗಿದೆ.

ಆಗ ಆ ಗಡ್ಡದವರು ತಮ್ಮ ಇಂಗ್ಲಿಷಿನಲ್ಲಿ, ಕನ್ನಡಕ ಮರೆತುಬಂದೆ ಎನ್ನುವಷ್ಟೇ ಸಹಜವಾಗಿ ಹೇಳಿದರು: "ನನಗೆ ಇದು ಕೇಳಿಸುವುದು ನಿಂತು ಹತ್ತು ವರ್ಷವಾಯಿತು. ಮುದುಕರ ಕಿವಿಯಿಂದ ಮೊದಲು ಹೊರಟುಹೋಗುವ ಹಕ್ಕಿಗಳಲ್ಲಿ ಇದೂ ಒಂದು. ಅದಕ್ಕೇ ನಾನು ಮಕ್ಕಳಿಲ್ಲದೆ ಎಣಿಕೆಗೆ ಹೊರಡುವುದಿಲ್ಲ." ಒಳಗಿವಿಯಲ್ಲಿ ಶಂಖದಂಥ ಸುರುಳಿಯೊಂದಿದೆಯಷ್ಟೆ. ಅದರ ಬಾಗಿಲ ಬಳಿಯ ಸೂಕ್ಷ್ಮ ಕೂದಲುಗಳು ತಾರಸ್ಥಾಯಿಯ ದನಿಗೆ, ಒಳತುದಿಯವು ಮಂದ್ರಕ್ಕೆ. ವಯಸ್ಸಾದಂತೆ ಸಾಮಾನ್ಯವಾಗಿ ಸವೆಯುವುದು ಬಾಗಿಲ ಬಳಿಯವೇ ಮೊದಲು. ಮಾತಿನಲ್ಲಿಯೂ ಅಷ್ಟೆ, ಸ್ವರಗಳು ಉಳಿಯುತ್ತವೆ, ಸ ಶ ಮೊದಲಾದ ಸಣ್ಣ ದನಿಯ ವ್ಯಂಜನಗಳು ಜಾರುತ್ತವೆ. ಎಳೆಯ ಮಕ್ಕಳ ಕೀಚು ದನಿಯಲ್ಲಿ ಇನ್ನೂ ಬೇಗ ಜಾರುತ್ತವೆ.

ತೂಗುತ್ತಿದ್ದ ನನ್ನ ತಲೆ ನಡುವೆಯೇ ನಿಂತಿತು. ಪುಟ್ಟಿ ಮುದುಕರನ್ನು ನೋಡಿತು, ಆಮೇಲೆ ನನ್ನನ್ನು ನೋಡಿತು.

ಅಂದು ರಾತ್ರಿ ನಿದ್ರೆ ಬರಲಿಲ್ಲ. ಮೈಸೂರಿನಲ್ಲಿ ಜೀರುಂಡೆಗಳೇ ಇಲ್ಲವಾದುವು, ಬಡಾವಣೆಗಳು ಅವನ್ನು ನುಂಗಿಹಾಕಿದುವು ಎಂದು ಎರಡು ವರ್ಷದ ಹಿಂದೆ ಪತ್ರಿಕೆಗೆ ಉಗ್ರವಾದ ಕಾಗದ ಬರೆದಿದ್ದೆ; ಅಚ್ಚೂ ಆಗಿತ್ತು. ಅದನ್ನು ಓದಿ ನನ್ನ ಹೆಂಡತಿ ಏನೂ ಹೇಳದೆ ನಕ್ಕಿದ್ದಳು. ಮನೆಗೆ ಬಂದವರು ಏನಾದರೂ ಹೇಳಿದರೆ ಅವಳು ಅದನ್ನೇ ಇನ್ನೊಮ್ಮೆ, ತಾನೇ ಹೇಳುತ್ತಿರುವಂತೆ, ನನ್ನ ಕಡೆ ತಿರುಗಿ ಹೇಳುವುದಿತ್ತು. ಅದು ಅವಳ ಸ್ವಭಾವವೆಂದುಕೊಂಡಿದ್ದೆ. ಅವಳು ಹೋದ ಮೇಲೆ ಜನರೆಲ್ಲ ಗೊಣಗತೊಡಗಿದರು. ಕೊನೆಗೆ ಏಳು ವರ್ಷದ ಕೂಸಿನ ಮೇಲೆ ಗೂಬೆ ಕೂರಿಸಿದ್ದೆ. ಇಷ್ಟೆಲ್ಲ ತಿಳಿದ ಮೇಲೂ ಬೆಳಗ್ಗೆ ಎದ್ದು ಮಗಳಿಗೆ ಹೇಳಿದೆನೆ? ಇಲ್ಲ. ಕಿವುಡನೆನ್ನಿಸಿಕೊಳ್ಳುವುದಕ್ಕಿಂತ ಮೊಮ್ಮಗಳ ಕನ್ನಡ ಕೆಟ್ಟಿದೆಯೆಂಬುದೇ ನನ್ನ ಮನಸ್ಸಿಗೆ ಹಿತವಾಗಿತ್ತೆಂದು ಕಾಣುತ್ತದೆ. ಮೂರು ವಾರ ಸುಮ್ಮನಿದ್ದೆ. ಮಗು ಮಾತ್ರ ನಾನು ಓದುತ್ತ ಕೂತಾಗ ಬೆನ್ನ ಹಿಂದೆ ನಿಂತು ಬಗೆಬಗೆಯ ದನಿಯಲ್ಲಿ 'ತಾತಾ' ಎಂದು ಪರೀಕ್ಷೆ ನಡೆಸುತ್ತಿತ್ತೆಂದು ಆಮೇಲೆ ತಿಳಿಯಿತು.

ಜನವರಿ ನಡುವೆ ಗೂಬೆಯ ರಾತ್ರಿ ಬಂತು. ಊರಿನ ಎರಡು ದೊಡ್ಡ ಸರೋವರಗಳು, ಮೆಂಡೋಟ ಮತ್ತು ಮೊನೋನ, ಅಷ್ಟು ಹೊತ್ತಿಗೆ ಕಲ್ಲಾಗಿದ್ದುವು. ಇಪ್ಪತ್ತು ಮಂದಿ, ದೀಪವಿಲ್ಲ, ಮಾತಿಲ್ಲ. ಹಿಮದ ಬೆಳಕಿನಲ್ಲಿ ಮರಗಳ ನಡುವೆ ನಿಂತೆವು. ಅಲ್ಲಿಯ ಕಾಡುಗಳಲ್ಲಿ ಅಡ್ಡಪಟ್ಟೆಯ ಗೂಬೆಯೊಂದುಂಟು. ಇಂಗ್ಲಿಷ್ ಕಿವಿಗೆ ಅದರ ಕೂಗು 'ನಿನಗೆ ಅಡುಗೆ ಮಾಡುವವರು ಯಾರು, ನಿಮಗೆಲ್ಲ ಅಡುಗೆ ಮಾಡುವವರು ಯಾರು' ಎಂದು ಕೇಳಿಸುತ್ತದಂತೆ. ಹನ್ನೊಂದು ತಿಂಗಳಿಂದ ನನ್ನನ್ನು ನೆಂಟರಿಷ್ಟರೆಲ್ಲ ಕೇಳುತ್ತಿದ್ದ ಪ್ರಶ್ನೆಯೇ ಅದು. ಗಡ್ಡದವರು ಕೈಯನ್ನು ಬಾಯಿಗೆ ಗೂಡು ಮಾಡಿ ಕೂಗಿದರು. ಏನೂ ಇಲ್ಲ. ಮತ್ತೆ ಕೂಗಿದರು. ಐದು ನಿಮಿಷ; ಕಾಲ್ಬೆರಳು ಇವೆಯೋ ಇಲ್ಲವೋ ತಿಳಿಯದಂತಾಯಿತು.

ದೂರದಿಂದ, ಮಂದ್ರದಲ್ಲಿ, ಹೂ ಹೂ ಎಂದು ಉತ್ತರ ಬಂತು. ಒಂದೊಂದು ಹೂಂಕಾರವೂ ಬಿಡಿಬಿಡಿಯಾಗಿ, ಕೊನೆಯದು ಕೆಳಕ್ಕೆ ಇಳಿಯುತ್ತ. ಪುಟ್ಟಿ ಗೂಬೆಯ ದಿಕ್ಕಿಗೆ ನೋಡಲಿಲ್ಲ. ನನ್ನ ಮುಖ ನೋಡುತ್ತಿತ್ತು. ನಾನು ತಲೆದೂಗಲಿಲ್ಲ, ದನಿ ಬಂದ ಕಡೆಗೆ ಬೆರಳು ತೋರಿಸಿದೆ. ಮಗು ನನ್ನ ಕೈಚೀಲವನ್ನು ಎರಡೂ ಕೈಯಲ್ಲಿ ಹಿಡಿದು ಕುಣಿಯಿತು.

ಹಿಂತಿರುಗುವ ದಾರಿಯಲ್ಲಿ ಗಂಟಲನ್ನು ಹೊಟ್ಟೆಗೆ ಇಳಿಸಿ, ಗೂಬೆಯ ದನಿಯಲ್ಲಿ, ತಡೆದು ತಡೆದು ಮಗು ಹೇಳಿತು: "ತಾತಾ, ಕಾಲು ಜಾರತ್ತೆ, ನನ್ನ ಕೈ ಹಿಡ್ಕೋ." ಒಂದು ಅಕ್ಷರವೂ ತಪ್ಪದೆ ಕೇಳಿಸಿತು. ಎಂಥ ಚೊಕ್ಕ ಕನ್ನಡ! ಕಾರಿನವರೆಗೂ ಮಾತಾಡಿಕೊಂಡೇ ಬಂದೆವು.

ಮನೆಯಲ್ಲಿ ತಟ್ಟೆಯ ಮುಂದೆ ಕೂತಾಗ ಮಗು ಅದೇ ದನಿಯಲ್ಲಿ, "ತಾತಾ, ಸಾರು ಬೇಕಾ?" ಎಂದಿತು.

"ಇದೇನೇ ಇದು, ರೌಡಿ ಹಾಗೆ ಮಾತು? ನೆಟ್ಟಗೆ ಮಾತಾಡು" ಎಂದಳು ಮಗಳು.

"ಅವಳನ್ನು ಏನೂ ಅನ್ನಬೇಡಮ್ಮ" ಎಂದೆ. "ನನಗೆ ಕಿವಿ ಕೇಳಿಸುವುದಿಲ್ಲ."

ಮಗಳು ಸೌಟು ಹಿಡಿದುಕೊಂಡು ನಿಂತೇ ಇದ್ದಳು. ಪುಟ್ಟಿ ನನ್ನ ತಟ್ಟೆಗೆ ಸಾರು ಬಡಿಸಿತು.